ವೀರಭದ್ರಪ್ಪನ ಎಡ ಅಂಗೈ

ವೀರಭದ್ರಪ್ಪನ ಎಡಗೈಯ ಶಕ್ತಿ ತೆಗೆದದ್ದು ಲಕ್ವಾ. ಆ ಕೈಯನ್ನು ಮುಷ್ಟಿ ಮಾಡಿ ಕೂರಿಸಿದವಳು ನಾನು.

ನಾಲ್ಕು ವರ್ಷದ ಹಿಂದಿನ ಮಾತು. ಗಡಿಯಾಚೆ ಮರಾಠಿ ಸೀಮೆಯ ಉದಗೀರದ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಆಯಾ. ಲಕ್ವಾ ಹೊಡೆದವರ ಕೈಕಾಲು ತಿಕ್ಕುವುದು, ಎಬ್ಬಿಸಿ ನಿಲ್ಲಿಸುವುದು ನನ್ನ ಕೆಲಸ. ಡಾಕ್ಟರರದು ಮರಾಠಿ. ಕನ್ನಡದ ಮಂದಿಗೆ ಅವರ ಮಾತು ದಾಟಿಸುವವಳೂ ನಾನೇ.

ವಲಾಂಡಿಯ ರೈತ ವೀರಭದ್ರಪ್ಪನಿಗೆ ಐದನೇ ದಿನ ಟಿಎಂಎಸ್ ಪರೀಕ್ಷೆ. ಅಯಸ್ಕಾಂತದ ಸುರುಳಿಯನ್ನು ತಲೆಗೆ ಹಿಡಿದು ಮಿದುಳನ್ನು ಟಕ್ಕೆಂದು ತಟ್ಟುತ್ತಾರೆ. ಮಿದುಳಿನಿಂದ ಕೈಗೆ ಹೋಗುವ ದಾರಿ ಉಳಿದಿದ್ದರೆ ಕೈಯ ಸ್ನಾಯು ಅದುರಿ, ಪರದೆಯ ಮೇಲೆ ಗೆರೆ ಏಳುತ್ತದೆ. ಲೋಹ ಇರಬಾರದು, ಕೊರಳ ಲಿಂಗ ತೆಗೆಯಿರಿ ಎಂದರೆ ಆತ ಒಪ್ಪಲಿಲ್ಲ.

"ಲಿಂಗಾ ಬಿಚ್ಚಿದ್ರ ನಾ ಸತ್ತಂಗೇ. ಆಮ್ಯಾಲ ಯಾರದು ಪರೀಕ್ಷಾ ಮಾಡ್ತೀರಿ?"

ಲಿಂಗವಿಟ್ಟಿದ್ದ ಬೆಳ್ಳಿಯ ಕರಡಿಗೆಯನ್ನಷ್ಟೇ ತೆಗೆದು, ಲಿಂಗವನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿದೆವು. ಬಲಗೈಗೆ ಗೆರೆ ಎದ್ದಿತು. ಎಡಗೈಗೆ ಎಷ್ಟು ತಟ್ಟಿದರೂ ಏಳಲಿಲ್ಲ.

ಡಾಕ್ಟರು ಹೊರಗೆ ಕರೆದು ಹೇಳಿದರು: ಕಾಲು ಬರಬಹುದು, ಕೈ ಬರುವುದು ಕಷ್ಟ. ಅಂಗೈ ಮುದುಡದಂತೆ ಹಲಗೆ ಕಟ್ಟಲು, ದಿನಾ ಬೆರಳು ಬಿಡಿಸಲು ಮನೆಯವರಿಗೆ ಕಲಿಸಿ.

ಒಳಗೆ ಆತನ ಹೆಂಡತಿ ಗುರಬಾಯಿ ಕಾದಿದ್ದಳು. ಭಾಲ್ಕಿ ಕಡೆಯವಳು, ಮರಾಠಿ ಅಷ್ಟಕ್ಕಷ್ಟೆ.

"ಯಕ್ಕಾ, ಎಡಗೈ ಲಿಂಗಾ ಹಿಡಿಯೂ ಕೈ ಅದ. ಪೂಜಾ ಇಲ್ಲದ ಇವರಿಗಿ ಅನ್ನ ಇಳಿಯಂಗಿಲ್ಲ. ಬರ್ತದಲ್ಲಾ?"

ಮೂವತ್ತು ವರ್ಷ ಕೈ ತಿಕ್ಕಿದ ಸೊಕ್ಕು ನನಗಿತ್ತು.

"ಬರಲಾರದಂಗ ಏನಾಗ್ಯದ? ಎಣ್ಣಿ ಹಚ್ಚಿ ತಿಕ್ಕು. ಮಶೀನಿಗೇನ್ ಗೊತ್ತು?"

ಬೆರಳು ಬಿಡಿಸುವುದನ್ನು ಕಲಿಸಲಿಲ್ಲ, ಹಲಗೆಯನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ಕೈ ಹೋಯಿತೆಂದು ಅವಳಿಗೆ ತಿಳಿದುಬಿಡುತ್ತಿತ್ತು.

ನಾಲ್ಕು ತಿಂಗಳಿಗೆ ಮರಳಿ ಬಂದರು. ಆತ ಕೋಲೂರಿ ನಡೆಯುತ್ತಿದ್ದ. ಎಡಗೈ ಮುಷ್ಟಿಯಾಗಿ ಬಿಗಿದು, ಉಗುರು ಅಂಗೈಗೆ ನೆಟ್ಟು ಹುಣ್ಣಾಗಿತ್ತು. ಡಾಕ್ಟರು ಬಿಡಿಸಲು ನೋಡಿದರೆ ಚೀರಿದ. ಹಲಗೆ ಯಾಕೆ ಕಟ್ಟಲಿಲ್ಲ ಎಂದು ಅವರು ಕೇಳಿದ್ದು ಗುರಬಾಯಿಗೂ ತಿಳಿಯಿತು.

"ಕೈ ಬರಲಿಲ್ಲಂದ್ರ ನಡೀತಿತ್ತು," ಎಂದು ನನ್ನತ್ತ ತಿರುಗಿದಳು ಗುರಬಾಯಿ. "ಅಂಗೈ ತೆರೆದಿದ್ರ ತೊಡಿ ಮ್ಯಾಲ ಇಟ್ಟು ಲಿಂಗಾ ಕುಂದರಿಸ್ತಿದ್ದೆವು. ಬಲಗೈಲೇ ಪೂಜಾ ಮಾಡ್ತಿದ್ರು. ಯಾಕ ಹೇಳಲಿಲ್ಲ ನೀವು?"

"ಬಿಡ," ಎಂದ ವೀರಭದ್ರಪ್ಪ. "ಆಕಿಗಿ ನಮ್ಮ ಮ್ಯಾಲ ಕರುಣಾ ಬಂದಿತ್ತು."

ಅಂದೇ ಡಾಕ್ಟರರ ಮುಂದೆ ನನ್ನ ಸುಳ್ಳನ್ನು ಒಪ್ಪಿಕೊಂಡೆ. ಬೈದರು. ಅದರಿಂದ ಆ ಕೈ ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ನಿಲಂಗಾದಿಂದ ಬಂದ ಮುದುಕಿಯ ಹಾಸಿಗೆಯ ಬಳಿ ಹೋದೆ. ಪರೀಕ್ಷೆಯಲ್ಲಿ ಆಕೆಯ ಕೈಗೂ ಗೆರೆ ಎದ್ದಿರಲಿಲ್ಲ.

"ಅವ್ವನ ಕೈ ಬರ್ತದೇನ್ರೀ?" ಎಂದಳು ಮಗಳು.

"ಬರೂದು ಕಷ್ಟ ಅದವ್ವಾ."

ಅವಳು ಅತ್ತಳು. ಅಳು ಮುಗಿಯುವವರೆಗೆ ನಿಂತಿದ್ದು, ಹಲಗೆ ಕಟ್ಟುವುದನ್ನು ಕಲಿಸಿದೆ.