ಅಂಜುವ ಹೆಂಡತಿಗಾಗಿ ಮೂರನೇ ಚಕ್ರ

ಪುಣೆಯ ಯೆರವಡಾದ ನನ್ನ ಗ್ಯಾರೇಜಿನಲ್ಲಿ ಬೈಕುಗಳನ್ನು ಮೂರು ಚಕ್ರದ ಗಾಡಿ ಮಾಡಿಕೊಡುತ್ತೇನೆ. ಬರುವವರೆಲ್ಲ ಅರವತ್ತು ದಾಟಿದ ಗಂಡಸರು. ಮಂಡಿ ನೋವೆಂದು ಒಬ್ಬರೂ ಬಾಯಿ ಬಿಡುವುದಿಲ್ಲ. ಮೊನ್ನೆ ಭಾರೀ ಬೈಕು ತಂದ ಪಾಟೀಲರೂ ಅಷ್ಟೇ.

"ನನಗೇನೂ ಆಗಿಲ್ರಿ. ಹೆಂಡ್ತಿ ಹಿಂದ ಕೂಡಾಕ ಭಾಳ ಅಂಜತಾಳ, ಅದಕ್ಕ."

ಬೈಕು ನನ್ನಲ್ಲೇ ಉಳಿಯಬೇಕಿತ್ತು. ಅವರನ್ನು ಮನೆಗೆ ಕರೆದೊಯ್ಯಲು ಆ ಅಂಜುವ ಹೆಂಡತಿಯೇ ಬಂದರು, ಎರಡು ಬಸ್ಸುಗಳ ನಡುವೆ ಸ್ಕೂಟರ್ ನುಗ್ಗಿಸಿಕೊಂಡು. ಪಾಟೀಲರು ಎರಡೂ ಕೈಯಲ್ಲಿ ತಮ್ಮ ಬಲಗಾಲನ್ನು ಎತ್ತಿಟ್ಟು, ಹೇಗೋ ಹಿಂದಿನ ಸೀಟು ಹತ್ತಿದರು.

"ಗಟ್ಟಿ ಹಿಡ್ಕೊಂಡು ಕೂಡ್ರಿ, ಬಿದ್ದೀರಿ," ಅಂದರು ಆಕೆ.

ಅವರು ಹೋದ ಮೇಲೆ ನನ್ನ ವಹಿಯಲ್ಲಿ ಕಾರಣ ಬರೆದುಕೊಂಡೆ: ಹೆಂಡತಿ ಅಂಜುತ್ತಾರೆ. ಹಿಂದಿನ ಪುಟಗಳಲ್ಲೂ ಅದೇ ಇದೆ. ಈ ವಹಿ ನಂಬಿದರೆ, ಇಡೀ ಪುಣೆಯಲ್ಲಿ ಸವೆದ ಮಂಡಿ ಒಂದೂ ಇಲ್ಲ.