ಖಾಲಿ ಬಂದ ಡಬ್ಬಿ

ಬಸಕ್ಕ ಪರದೇಶದಲ್ಲಿ, ಪೆಂಡಲ್ ಹಿಲ್ ರೈಲು ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಗಂಡ ಈರಪ್ಪ ಪಕ್ಕದ ಒಲೆಯಲ್ಲಿ ಪಲ್ಯ ಮಾಡುತ್ತಿದ್ದ. ತೀರಿಕೊಂಡ. ಒಲೆ ನಿಲ್ಲಲಿಲ್ಲ, ಇವಳೂ ನಿಲ್ಲಲಿಲ್ಲ.

ಜೊತೆಗೆ ಅಡುಗೆ ಮಾಡುತ್ತಿದ್ದ ಬಾಳಪ್ಪ ಅದೇ ದೇಶದ ಮೆಲ್ಬರ್ನಿಗೆ ಹೋದ, ಕ್ರೇಗಿಬರ್ನ್ ಬಡಾವಣೆಯ ಹೋಟೆಲಿಗೆ. ಮದುವೆಯಾಗದ ಗಂಡಸು. ಅಲ್ಲಿ ಜೋಳದ ರೊಟ್ಟಿ ಇಲ್ಲವೆಂದು ಫೋನಿನಲ್ಲಿ ಗೋಳಾಡಿದ. ಬಸಕ್ಕ ಕಡಕ್ ರೊಟ್ಟಿ ಮಾಡಿ, ಈರಪ್ಪನ ಹೆಸರು ಕೊರೆಸಿದ್ದ ಸ್ಟೀಲ್ ಡಬ್ಬಿಗೆ ತುಂಬಿ, ಮಸಾಲೆ ಸಾಮಾನಿನ ವ್ಯಾನಿನಲ್ಲಿ ಕಳಿಸಿದಳು.

ತುಂಬಿ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು. ಬಾಳಪ್ಪನೂ ಖಾಲಿ ಕಳಿಸಲಿಲ್ಲ. ಒಮ್ಮೆ ಅಗಸಿ ಚಟ್ನಿ ಬಂತು. ಒಮ್ಮೆ ಹಿತ್ತಲ ಗಿಡದ ನಿಂಬೆಹಣ್ಣು. ಒಮ್ಮೆ ಏನೂ ಸಿಗದೆ ಬರೀ ಸಕ್ಕರೆ. ಆ ಸಕ್ಕರೆಯನ್ನು ಬಸಕ್ಕ ಚಹಾಕ್ಕೆ ಹಾಕಲಿಲ್ಲ, ಎತ್ತಿಟ್ಟಳು. ವ್ಯಾನ್ ಬರುವ ದಿನ ತಲೆ ಚೆನ್ನಾಗಿ ಬಾಚಿಕೊಳ್ಳುತ್ತಿದ್ದಳು.

"ಏನ್ ಆಂಟಿ, ವ್ಯಾನ್ ಡ್ರೈವರ್‌ಗೆ ಇಷ್ಟೊಂದು ಮೇಕಪ್ಪಾ?" ಬಡಿಸುವ ಕೃಪಾ ರೇಗಿಸುತ್ತಿದ್ದಳು.

"ಸುಮ್ನ ಟೇಬಲ್ ಒರಸ ಹೋಗು."

ಒಂದು ವಾರ ಡಬ್ಬಿ ಖಾಲಿ ಬಂತು. ತೊಳೆದು, ಒರೆಸಿ, ಖಾಲಿ. ಬಸಕ್ಕ ಮುಚ್ಚಳ ಹಾಕಿ ಮತ್ತೆ ತೆಗೆದು ನೋಡಿದಳು. ಇನ್ನು ಸಾಕು ಎಂದು ಬಾಳಪ್ಪ ಹೇಳಿ ಕಳಿಸಿದ ಹಾಗಿತ್ತು. ಅಂದು ರೊಟ್ಟಿ ಕರಕಾದವು.

"ಫೋನ್ ಮಾಡಿ ಕೇಳಿ ಆಂಟಿ."

"ಏನಂತ ಕೇಳಲಿ?"

ಕೇಳಲಿಲ್ಲ. ರಜೆ ಹಾಕಿ, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಮೆಲ್ಬರ್ನಿನ ರೈಲು ಹತ್ತಿದಳು. ಕಿಟಕಿಯಾಚೆ ಇಡೀ ದಿನ ಒಣಹುಲ್ಲು, ಕುರಿ. ಈರಪ್ಪ ಪಕ್ಕದಲ್ಲಿದ್ದರೆ ಇಷ್ಟು ದೂರ ಯಾಕೆ ಎನ್ನುತ್ತಿದ್ದ. ಅವನಿದ್ದಿದ್ದರೆ ಹೋಗುವುದೇ ಇರಲಿಲ್ಲ.

ಕ್ರೇಗಿಬರ್ನಿನ ಹೋಟೆಲಿನ ಅಡುಗೆಮನೆಯಲ್ಲಿ ಬಾಳಪ್ಪ ಬದನೆಕಾಯಿ ಹೆಚ್ಚುತ್ತಿದ್ದ. ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು.

"ಖಾಲಿ ಡಬ್ಬಿ ಯಾರ ಕಳಸ್ತಾರ್ರೀ? ರೊಟ್ಟಿ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು."

"ತುಂಬಿ ಕಳಿಸಿದ್ರ ನೀವು ಉಂಡು ಸುಮ್ನ ಕುಂದರ್ತಿದ್ರಿ. ಖಾಲಿ ಕಳಿಸಿದ್ರ ಬೈಯಾಕರ ಬರ್ತೀರಿ ಅಂದ್ಕೊಂಡೆ."

"ಬರದಿದ್ರ?"

"ಅದ ಚಿಂತ್ಯಾಗ ಪಲ್ಯಕ್ಕ ಎರಡೆರಡು ಸಲ ಉಪ್ಪು ಹಾಕಾಕತ್ತೀನಿ. ಮಾಲೀಕ ಬೈದ."

ಬಸಕ್ಕನಿಗೆ ನಗು ಬಂತು. ಗಂಡ ಹೋದ ಮೇಲೆ ಒಲೆಯ ಮುಂದೆ ನಕ್ಕಿರಲಿಲ್ಲ. ನಗು ನಿಂತ ಮೇಲೆ ಡಬ್ಬಿಯ ಮೇಲಿನ ಹೆಸರನ್ನು ಸೆರಗಿನಿಂದ ಒರೆಸಿದಳು.

"ಈ ಹೆಸರು ಅಳಸೂದಿಲ್ಲ ನಾ."

"ಅಳಸ್ರಿ ಅಂದವರ್ಯಾರು? ಈರಪ್ಪ ನನಗೂ ಗೆಳೆಯಾನ."

ಅವಳು ಡಬ್ಬಿಯನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ಹೊರಟಳು.

"ಈ ಸಲ ವ್ಯಾನಿಗೆ ಕೊಡಬ್ಯಾಡ್ರಿ. ನೀವ ತಗೊಂಡು ಬರ್ರಿ."

"ಏನ ತುಂಬ್ಕೊಂಡು ಬರ್ಲಿ?"

"ಖಾಲಿ ತಂದ್ರೂ ನಡೀತದ."

ಈಗ ವ್ಯಾನ್ ಬಂದರೆ ಬಸಕ್ಕ ತಲೆ ಎತ್ತುವುದಿಲ್ಲ. ಎದುರಿನ ಸ್ಟೇಷನ್ನಿನಲ್ಲಿ ರೈಲು ನಿಂತ ಸದ್ದಾದರೆ ಮಾತ್ರ ರೊಟ್ಟಿ ಬಡಿಯುವ ಕೈ ತಡೆದು ನಿಲ್ಲುತ್ತದೆ.