ಕಾಶವ್ವನ ಕಬ್ಬಿನ ಹಾಡು

ನಮ್ಮ ಅವ್ವ ಕಾಶವ್ವ ಮದುವೆಯಾಗಿ ಮುಂಬಯಿಯ ಘಾಟ್ಕೋಪರಿನ ಚಾಳಿಗೆ ಬಂದಾಗ ಅವಳಿಗೆ ಕನ್ನಡವೊಂದು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ತವರು ಜಮಖಂಡಿ ಕಡೆ, ಕೃಷ್ಣೆಯ ದಂಡೆ. ಮನೆಯಲ್ಲಿ ಕಬ್ಬಿನ ತೋಟ, ಎತ್ತಿನ ಗಾಣ. ನಮ್ಮ ಅಪ್ಪ ಶೆಟ್ಟೆಪ್ಪನಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ. ಅವನು ಲೋಕಲ್ ಹಿಡಿದು ಹೋದನೆಂದರೆ ಅವ್ವನ ಪಾಲಿಗೆ ಉಳಿಯುತ್ತಿದ್ದವಳು ಪಕ್ಕದ ಖೋಲಿಯ ಗಂಗುಬಾಯಿ. ಅವಳದು ಮರಾಠಿ, ಇವಳದು ಕನ್ನಡ, ನಡುವೆ ಕೈಸನ್ನೆ. ಇದೆಲ್ಲ ಐವತ್ತರ ದಶಕದ ಮಾತು, ನಾನು ಹುಟ್ಟುವುದಕ್ಕೂ ಮೊದಲಿನದು. ಆದರೆ ಇಬ್ಬರ ಬಾಯಿಂದಲೂ ಎಷ್ಟು ಸಲ ಕೇಳಿದ್ದೇನೆಂದರೆ, ನಾನೂ ಆ ಚಾಳಿನ ಗ್ಯಾಲರಿಯಲ್ಲಿ ನಿಂತಿದ್ದೆನೇನೋ ಅನ್ನಿಸುತ್ತದೆ.

ಚಾಳಿನ ಕೆಳಗೆ ಉಡುಪಿ ಕಡೆಯ ಪೂವಪ್ಪನ ಹೋಟೆಲು. ಅಲ್ಲಿಯ ರೇಡಿಯೋ ಸಿಲೋನ್ ಸ್ಟೇಷನ್ ಹಚ್ಚಿಕೊಂಡು ಹಾಡುತ್ತಲೇ ಇರುತ್ತಿತ್ತು. ಒಂದು ಮಳೆಗಾಲದಲ್ಲಿ ಹೊಸ ಹಾಡು ಬಂತು. ಹೆಣ್ಣುದನಿ, ಎದೆ ಹಿಂಡುವ ರಾಗ. "ಕಬ್ ಆವೋಗೇ, ಬೇಲಾ ಬೀತೀ" ಎಂದು ಹಿಂದಿಯಲ್ಲಿ. ಯಾವಾಗ ಬರುವೆ, ಹೊತ್ತು ಮೀರಿತು ಎಂದು ಅರ್ಥ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಅವಳಿಗೆ ಕೇಳಿಸಿದ್ದು, "ಕಬ್ಬು ಆಗ್ಯಾವ, ಬೆಲ್ಲ ಬಿತ್ತ!"

ಮುಂಬಯಿಯ ರೇಡಿಯೋದಲ್ಲಿ ತನ್ನೂರಿನ ಹಾಡು! ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು. ಅಲ್ಲಿ ಗಂಗುಬಾಯಿಯೂ ತಲೆದೂಗುತ್ತ ನಿಂತಿದ್ದಳು.

"ಗಾಣ ಚಾಂಗಲ ಆಹೆ," ಅಂದಳು.

ಮರಾಠಿಯಲ್ಲಿ ಗಾಣ ಎಂದರೆ ಹಾಡು. ಹಾಡು ಚೆನ್ನಾಗಿದೆ ಎಂದಿದ್ದಳು ಅಷ್ಟೆ. ಅವ್ವನಿಗೆ ಇನ್ನೇನು ಬೇಕು? ಕಬ್ಬು, ಬೆಲ್ಲ, ಮೇಲೆ ಗಾಣ ಬೇರೆ!

"ಗಾಣ ಚಲೋನ ಇದ್ದೀತ ಬಾಯಿ, ಖರೆ ಬೆಲ್ಲಾ ಚೆಲ್ಲಿ ಬಿದ್ದೈತಲ್ಲ," ಎಂದು ಅವ್ವ ಮರುಗಿದಳು. "ಅದಕ್ಕ ಅಳಾಕತ್ತಾಳ ಪಾಪ."

ಗಂಗುಬಾಯಿ ಒಂದಕ್ಷರವೂ ತಿಳಿಯದೆ ಹೂಂಗುಟ್ಟಿದಳು.

ಅಂದಿನಿಂದ ಅವ್ವ ಅದನ್ನು ನಲ್ಲಿಯ ಸಾಲಿನಲ್ಲೂ ಹಾಡಿದಳು, ಪಾತ್ರೆ ತಿಕ್ಕುವಾಗಲೂ ಹಾಡಿದಳು. ರೇಡಿಯೋದ ಹಾಡು ಚಿಕ್ಕದಾಯಿತೆಂದು ಎತ್ತು, ಕೊಪ್ಪರಿಗೆ, ಕಬ್ಬಿನ ಹಾಲಿನ ನೊರೆ ಎಲ್ಲ ಸೇರಿಸಿ ತಾನೇ ಬೆಳೆಸಿದಳು.

ದೀಪಾವಳಿ ಮುಗಿದ ಮೇಲೆ ಗಂಗುಬಾಯಿಯ ಮೊಮ್ಮಗಳಿಗೆ ಹೆಸರಿಡುವ ದಿನ ಬಂತು. ತೊಟ್ಟಿಲ ಸುತ್ತ ಚಾಳಿನ ಹೆಂಗಸರೆಲ್ಲ ಒಂದೊಂದು ಹಾಡು ಹೇಳಿದರು. ಅವ್ವನ ಸರದಿ ಬಂದಾಗ ಅವಳು ಹಿಂದೆಮುಂದೆ ನೋಡದೆ ಕಬ್ಬಿನ ಹಾಡನ್ನೇ ಎತ್ತಿಕೊಂಡಳು. ಶಿರಾ ತುಂಬಿದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಪೂವಪ್ಪನಿಗೆ ನಗು ತಡೆಯಲಾಗಲಿಲ್ಲ.

"ಅದು ಕಬ್ಬಲ್ಲ ಮಾರಾಯ್ತಿ, ಬೆಲ್ಲವೂ ಅಲ್ಲ. ಹಿಂದಿ ಪದ ಅದು. ಗಂಡ ಬರ್ಲಿಲ್ಲ ಅಂತ ಅವಳು ಅಳೂದು!"

ಅವನು ಅದನ್ನೇ ಮರಾಠಿಯಲ್ಲೂ ಹೇಳಿದ. ಖೋಲಿ ತುಂಬ ನಗು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಸೆರಗು ಸರಿಸಿ ಕೇಳಿದಳು:

"ಕಡೀಕರೆ ಬಂದ್ನೇನ್ರಿ ಅಂವಾ?"

"ಎಲ್ಲಿಂದ ಬರೂದು? ಹಾಡು ಅಲ್ಲಿಗೇ ಮುಗೀತದೆ."

ಅವ್ವ ತೊಟ್ಟಿಲ ಹಗ್ಗ ಕೈಗೆ ತೆಗೆದುಕೊಂಡು ಮೆಲ್ಲಗೆ ತೂಗಿದಳು. ಆಮೇಲೆ ಅದೇ ರಾಗದಲ್ಲಿ ಹಾಡಿದಳು:

"ಕಬ್ಬು ಆಗ್ಯಾವ, ಕಬ್ ಆವೋಗೇ?"

ಕಬ್ಬು ಬಲಿತಿದೆ, ಯಾವಾಗ ಬರುವೆ? ಗ್ಯಾಲರಿಯಲ್ಲಿ ಗಂಡಸರ ನಡುವೆ ಕೂತಿದ್ದ ಅಪ್ಪ ತಿರುಗಿ ನೋಡಿದ. ಮದುವೆಯಾದ ಮೇಲೆ ಅವ್ವ ಒಮ್ಮೆಯೂ ತವರಿಗೆ ಹೋಗಿರಲಿಲ್ಲ, ಹೋಗಬೇಕೆಂದು ಬಾಯಿಬಿಟ್ಟು ಕೇಳಿಯೂ ಇರಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಊರ ನೆನಪಾಗೇತೇನ?"

"ಈಗ ಗಾಣಾ ಹೂಡಿರತಾರ," ಅಂದಳು ಅವ್ವ.

"ಸಂಕ್ರಾಂತಿಗಿ ಹೋಗೂಣ. ರಜಾ ಕೇಳತೀನಿ."

ಹೋದರು. ಗಾಣದ ಬಳಿ, ಕುದಿಯುವ ಕೊಪ್ಪರಿಗೆಯ ಬಿಸಿಗೆ ಮುಖವೊಡ್ಡಿ ಕೂತು ಅವ್ವ ತನ್ನ ಹಾಡು ಹೇಳಿದಳು. ಅವಳ ಚಿಗವ್ವ ಅಂಬವ್ವ ಕೇಳಿದಳಂತೆ, "ಕಬ್ಬು ಆಗ್ಯಾವ ಅಂದದ್ದು ತಿಳೀತ. ಆ ಕಬ್ ಆವೋಗೇ ಅಂದ್ರ ಏನ?"

"ಅದು ಮುಂಬೈ ಕನ್ನಡ, ಚಿಗವ್ವ," ಅಂದಳಂತೆ ಅವ್ವ.

ಆ ಚಳಿಗಾಲವಿಡೀ ಗಾಣದ ಸುತ್ತ ಹೆಣ್ಣುಮಕ್ಕಳೆಲ್ಲ ಆ ಮುಂಬೈ ಕನ್ನಡವನ್ನೇ ಹಾಡಿದರಂತೆ.